ಫಾರ್ಮ್ಯಾಟ್ ಮಾಡಿಬಿಡೋಣ ಸಾರ್!

ತಲೆನೋವು ಅಂತ ಹೋದರೆ ತಲೆಯನ್ನೇ ತೆಗೆದು ಹೊಸದು ಕೂರಿಸೋಣ ಅನ್ನುವ ಡಾಕ್ಟರನ್ನು ನಾನಂತೂ ನೋಡಿಲ್ಲ. ಕಂಪ್ಯೂಟರ್ ರಿಪೇರಿಯವರಲ್ಲಿ ಮಾತ್ರ ಇಂಥವರೇ ಜಾಸ್ತಿ.

ಹೋದ ತಿಂಗಳು ನನ್ನ ಥಂಡರ್‌ಬರ್ಡ್ ಮುಷ್ಕರ ಹೂಡಿತು. ಇನ್‌ಬಾಕ್ಸ್ ಕ್ಲಿಕ್ಕಿಸಿದರೆ ಪರದೆ ಬೆಳ್ಳಗಾಗಿ, ಮೇಲೆ 'ನಾಟ್ ರೆಸ್ಪಾಂಡಿಂಗ್' ಎಂಬ ಹಣೆಬರಹ. ಕಾಫಿ ಕುಡಿದು ಬಂದರೂ ಅದೇ. ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ಹುಡುಗ ಎರಡು ನಿಮಿಷವೂ ನೋಡಲಿಲ್ಲ. "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಡೇಟಾ ಎಲ್ಲಾ ಡಿ ಡ್ರೈವಿಗೆ ಹಾಕ್ತೀನಿ" ಅಂದ. ಯಾವ ಡೇಟಾ ಮಾರಾಯ? ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು!

ನನ್ನ ಜಗಳ ಇರುವುದು ಇಲ್ಲೇ. ಮಿಂಚೆಗಳು ಆ ಎರಡೂ ಕಡೆ ಇರುವುದಿಲ್ಲ. ವಿಂಡೋಸ್‌ನಲ್ಲಿ ಥಂಡರ್‌ಬರ್ಡ್ ತನ್ನ ಸರಕನ್ನು ಇಡುವುದು ಆಪ್‌ಡೇಟಾ ಎಂಬ ಫೋಲ್ಡರಿನೊಳಗೆ, ಅದು ಮಾಮೂಲಿಯಾಗಿ ಕಣ್ಣಿಗೇ ಬೀಳುವುದಿಲ್ಲ. ಪಾಪ್ ಖಾತೆಯಾಗಿದ್ದು ಸರ್ವರಿನಲ್ಲಿ ಪ್ರತಿ ಉಳಿಸಿರದಿದ್ದರೆ ಸಿ ಡ್ರೈವಿನ ಜೊತೆ ಅಷ್ಟೂ ಗೋವಿಂದ. ನಮ್ಮ ಚಿಕ್ಕಪ್ಪನಿಗೆ ಹೀಗೇ ಆಯಿತು. ಮಗ ಪರದೇಶಕ್ಕೆ ಹೋದ ಮೊದಲ ವರ್ಷ ಬರೆದ ಪತ್ರಗಳು, ಚಿಕ್ಕಮ್ಮ ಇನ್ನೂ ಇದ್ದಾಗ ಅವರಿಗೆಂದೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಒಂದೂ ಉಳಿಯಲಿಲ್ಲ. ರಿಪೇರಿಯವನು "ಈಗ ಸ್ಪೀಡಾಗಿದೆ ನೋಡಿ ಅಂಕಲ್" ಅಂದನಂತೆ....

ಕಂಪ್ಯೂಟರನ್ನು ವಾಪಸ್ ತಂದು ನಾನೇ ಕೂತೆ. ತಪ್ಪು ತಂತ್ರಾಂಶದ್ದಲ್ಲ, ನನ್ನದು. ಥಂಡರ್‌ಬರ್ಡ್ ಮಾಮೂಲಿಯಾಗಿ ಒಂದು ಫೋಲ್ಡರಿನ ಎಲ್ಲಾ ಮಿಂಚೆಗಳನ್ನೂ ಎಂಬಾಕ್ಸ್ ಎಂಬ ಮಾದರಿಯ ಒಂದೇ ಕಡತದಲ್ಲಿ ಪೋಣಿಸಿಡುತ್ತದೆ. ನಾವು ಅಳಿಸಿದ್ದಕ್ಕೆ ಅಳಿಸಿದ ಗುರುತು ಬೀಳುತ್ತದಷ್ಟೆ, 'ಕಾಂಪ್ಯಾಕ್ಟ್' ಮಾಡುವ ತನಕ ಅದು ಜಾಗ ಬಿಟ್ಟು ಕದಲುವುದಿಲ್ಲ. ಮಾಡಲೇ ಎಂದು ಅದು ಕೇಳಿದಾಗಲೆಲ್ಲ ನಾನು ಬೇಡ ಅಂದಿದ್ದೆ. ಇನ್‌ಬಾಕ್ಸ್ 6 ಜಿಬಿ! ಸಾಲದ್ದಕ್ಕೆ ಹೊಸ ಮಿಂಚೆ ಬಂದಾಗಲೆಲ್ಲ ಆಂಟಿವೈರಸ್ ಆ ಇಡೀ ಕಡತವನ್ನು ಮೂಸಿ ನೋಡುತ್ತಿತ್ತು.

ಮೊದಲು ಥಂಡರ್‌ಬರ್ಡ್ ಮುಚ್ಚಿ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಇದನ್ನು ಬಿಟ್ಟು ಮುಂದಿನದಕ್ಕೆ ಕೈ ಹಾಕಬೇಡಿ. ಆಮೇಲೆ ಇನ್‌ಬಾಕ್ಸ್ ಹೆಸರಿನ ಎಂಎಸ್‌ಎಫ್ ಕಡತ ಅಳಿಸಿದೆ. ಅದು ಬರೀ ಪಟ್ಟಿ, ಪತ್ರಗಳಲ್ಲ. ಮತ್ತೆ ತೆರೆದಾಗ ತಾನೇ ಹೊಸದು ಕಟ್ಟಿಕೊಳ್ಳುತ್ತದೆ. ಆಂಟಿವೈರಸ್ಸಿಗೆ ಪ್ರೊಫೈಲ್ ತಂಟೆಗೆ ಹೋಗಬೇಡ ಅಂದೆ. ಲಗತ್ತುಗಳನ್ನು ಹೊರಗೆ ಉಳಿಸುವಾಗ ಹೇಗೂ ಅದು ನೋಡುತ್ತದೆ. ಕೊನೆಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ ಹಂಚಿ, ಕಾಂಪ್ಯಾಕ್ಟ್. ಇದಕ್ಕೆ ಡಿಸ್ಕಿನಲ್ಲಿ ಖಾಲಿ ಜಾಗ ಬೇಕು, ಯಾಕೆಂದರೆ ಕಡತವನ್ನು ಅದು ಹೊಸದಾಗಿ ಬರೆಯುತ್ತದೆ. ಒಂದು ಭಾನುವಾರ ಹೋಯಿತು, ಪತ್ರ ಒಂದೂ ಹೋಗಲಿಲ್ಲ.

"ಈ ಕಾಲದಲ್ಲೂ ಇದೆಲ್ಲಾ ಯಾಕೆ, ಬ್ರೌಸರಿನಲ್ಲೇ ಓದಬಾರದಾ?" ಅನ್ನುವ ಗೆಳೆಯರಿಗೆ ಒಂದು ಮಾತು. 2023ರ ಡಿಸೆಂಬರಿನಿಂದ ಗೂಗಲ್, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸತೊಡಗಿದೆ. ತೀರಿಕೊಂಡವರು ಲಾಗಿನ್ ಆಗುತ್ತಾರಾ ಸ್ವಾಮಿ?

ಮೊನ್ನೆ ಅದೇ ಅಂಗಡಿ ಮುಂದೆ ಹಾದು ಬಂದೆ. ಹುಡುಗ ಯಾರದ್ದೋ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡಿದ್ದ. ತಡೆಯಲಾಗಲಿಲ್ಲ, "ಆಪ್‌ಡೇಟಾ ನೋಡಿದೆಯೇನಪ್ಪಾ?" ಅಂದೆ.

"ಅದ್ಯಾವ ಸಾಫ್ಟ್‌ವೇರ್ ಸಾರ್?"