ಎರಡು ಮಡಕೆ, ಒಂದು ಪರೀಕ್ಷಾ ಫೀಸು

ಕಳೆದ ವಾರ ಆಫೀಸಿನ ಹೊಸ ಹುಡುಗ ಇಎಂಐನಲ್ಲಿ ಸೌಂಡ್‌ಬಾರ್ ತಗೊಂಡೆ ಅಂತ ಫೋಟೊ ತೋರಿಸಿದ. ನನಗೆ ಹಾಸ್ಟೆಲ್ಲಿನ ಮಡಕೆಗಳು ನೆನಪಾದವು. ಹೌದು, ನೀರು ತುಂಬೋ ಮಡಕೆಗಳೇ.

2011. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಹಾಡು ಜೋರಾಗಿ ಕೇಳಬೇಕಂದ್ರೆ ಮೊಬೈಲನ್ನು ಸ್ಟೀಲ್ ಲೋಟದೊಳಗೆ ಇಡೋ ಕಾಲ. ಅಪ್ಪ ಪರೀಕ್ಷಾ ಫೀಸಿಗೆ ಕಳಿಸಿದ ದುಡ್ಡು ಕೈಯಲ್ಲಿತ್ತು, ಕಟ್ಟೋಕೆ ಇನ್ನೂ ಹತ್ತು ದಿನ ಇತ್ತು. ಅದೇ ಸಮಯಕ್ಕೆ ಮದುವೆಗೆ ಅಂತ ಬೆಂಗಳೂರಿಗೆ ಹೋದವನು ಎಸ್.ಪಿ. ರೋಡಿಗೆ ನುಗ್ಗಿಬಿಟ್ಟೆ. ನಾಲ್ಕು ಇಂಚಿನ, 8 ಓಮ್‌ನ ಎರಡು ಸ್ಪೀಕರ್, ಒಂದು 4440 ಬೋರ್ಡ್, 12 ವೋಲ್ಟ್ ಅಡಾಪ್ಟರ್. 4440 ಅಂದ್ರೆ ರಿಪೇರಿ ಅಂಗಡಿಯವರಿಗೆಲ್ಲ ಹಳೇ ನೆಂಟ. ಒಂದೇ ಐಸಿಯಲ್ಲಿ ಎರಡು ಚಾನೆಲ್, ತಲಾ 6 ವ್ಯಾಟ್ ಅಂತಾರೆ. 8 ಓಮ್ ಸ್ಪೀಕರಿಗೆ ಅದರ ಅರ್ಧ ಬಂದ್ರೆ ಹೆಚ್ಚು, ಆದ್ರೂ ಹಾಸ್ಟೆಲ್ ರೂಮಿಗೆ ಧಾರಾಳ.

ಬರೀ ಸ್ಪೀಕರನ್ನು ಟೇಬಲ್ ಮೇಲಿಟ್ಟು ನುಡಿಸಿದ್ರೆ ಸೊಳ್ಳೆ ಹಾಡಿದಂತಿತ್ತು. ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲಾಗುತ್ತೆ. ಮಂದ್ರದ ಅಲೆಗಳು ಉದ್ದ, ಅಂಚನ್ನು ಸುಲಭವಾಗಿ ಬಳಸಿ ಬಂದು ಒಂದನ್ನೊಂದು ಕೊಂದುಬಿಡ್ತವೆ. ಹಿಂದಿನ ಸದ್ದನ್ನು ಹಿಡಿದಿಡೋಕೆ ಡಬ್ಬಿ ಬೇಕು. ಬಡಗಿ ಕೇಳಿದ ರೇಟಿಗೆ ಎದೆ ಧಸಕ್ಕೆಂದಿತು. ಸಂತೆಯಲ್ಲಿ ಮಡಕೆ 60 ರೂಪಾಯಿ. ಮಣ್ಣು ದಪ್ಪ, ತೆಳು ಪ್ಲೈವುಡ್ ಥರ ಅದುರೋದಿಲ್ಲ. ಒಳಗೆ ಎದುರು ಬದುರು ಗೋಡೆಗಳೂ ಇಲ್ಲ.

ವೈರಿಗೆ ತಳದಲ್ಲಿ ತೂತು ಕೊರೆಯುವಾಗ ಮೊದಲನೇದು ಟಪ್ ಅಂತ ಒಡೀತು. ಮುಂದಿನದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ನಿಧಾನ ಕೊರೆದೆ, ಚೆನ್ನಾಗಿ ಒಣಗಿಸಿದೆ. ಒಳಗೆ ಹಳೇ ದಿಂಬಿನ ಹತ್ತಿ, ಬಾಯಿಗೆ ಸ್ಪೀಕರ್, ಸುತ್ತ ಎಂ-ಸೀಲ್. ಟವೆಲ್ ಸಿಂಬೆ ಮಾಡಿ ಎರಡನ್ನೂ ಅಡ್ಡ ಮಲಗಿಸಿದೆ. ಒಟ್ಟು ಖರ್ಚು ಒಡೆದ ಮಡಕೆ ಸೇರಿ 900.

ಹಚ್ಚಿದ್ರೆ ಬೇಸೇ ಇಲ್ಲ! ಹಾಡುವವರು ಎಲ್ಲಿ ನಿಂತಿದ್ದಾರೆ ಅನ್ನೋದೂ ತಿಳಿಯದು, ದನಿ ತಲೆಯ ಸುತ್ತ ಅಲೆದಾಡ್ತಿತ್ತು. ಎರಡು ದಿನ ಬಿಚ್ಚಿದೆ, ಕಟ್ಟಿದೆ. ಫೀಸಿನ ಕೊನೇ ದಿನ ಹತ್ತಿರ ಬಂತು.

ಅಷ್ಟರಲ್ಲಿ ಏನೋ ಕೆಲಸಕ್ಕೆ ಬಂದ ಅಪ್ಪ ರೂಮಿಗೇ ಬಂದರು. ಊರ ಭಜನೆಯಲ್ಲಿ ತಬಲಾ ಬಾರಿಸೋರು. ಸ್ವಲ್ಪ ಕೇಳಿ, "ಡಗ್ಗದ ಸದ್ದೇ ಇಲ್ವಲ್ಲೋ" ಅಂದರು. ಮಂಚದ ಮೇಲೆ ಕೂರೋಕೆ ಒಂದು ಮಡಕೆ ಸರಿಸಿದರು, ವೈರ್ ಕಿತ್ತು ಬಂತು. ಉಳಿದ ಒಂದರಲ್ಲೇ ಡಗ್ಗ ಗುಂ ಅಂದಿತು.

"ಈಗ ನೋಡು," ಅಂದರು ಅಪ್ಪ. "ಎರಡೂ ಜಗಳ ಆಡ್ತಿದ್ವು."

ಆಗ ಹೊಳೆಯಿತು. ಎರಡೂ ಎಳೆ ಒಂದೇ ಬಣ್ಣದ ಅಗ್ಗದ ವೈರ್. ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ನೀವೂ ಮಾಡೋದಾದ್ರೆ ಮಡಕೆಗೆ ಅಂಟಿಸೋ ಮೊದಲೇ ಪೆನ್ಸಿಲ್ ಸೆಲ್ಲನ್ನು ವೈರಿನ ತುದಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಜಿಗಿದಾಗ ಸೆಲ್ಲಿನ ಪ್ಲಸ್ ಮುಟ್ಟಿದ ಎಳೆಯೇ ಪ್ಲಸ್. ಅದಕ್ಕೊಂದು ಗಂಟು ಹಾಕಿಡಿ. ಐದೇ ನಿಮಿಷದ ಕೆಲಸ, ನನಗೆ ಎರಡು ದಿನ ತಿಂದಿತು.

ವೈರ್ ತಿರುಗಿಸಿ ಹಾಕಿದೆ. ಗಾಯಕಿ ಎರಡು ಮಡಕೆಗಳ ನಡುವೆ, ಗೋಡೆಗೆ ನೇತುಹಾಕಿದ್ದ ಅಂಗಿಯ ಹತ್ತಿರ ಬಂದು ನಿಂತರು. ಅಪ್ಪ ಮಂಚದ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಮೂರು ಹಾಡು ಕೇಳಿದರು.

ಬಸ್ ಸ್ಟ್ಯಾಂಡಿನಲ್ಲಿ, "ಎಷ್ಟಾಯ್ತು?" ಅಂತ ಕೇಳಿದರು.

"ನಾನೂರು," ಅಂದೆ.

ಎಣಿಸಿ ನಾನೂರು ಕೊಟ್ಟರು. ಉಳಿದ ಐನೂರನ್ನು ಪಕ್ಕದ ರೂಮಿನವನ ಹತ್ರ ಸಾಲ ಮಾಡಿ ಫೀಸು ಕಟ್ಟಿದೆ.