‘ಅಕ್ಕ ಬಂದ’ ಎನ್ನುವ ಮಗು

ಐದು ತುಂಬಿದ ಮಗು ‘ಅಕ್ಕ ಬಂದ’, ‘ಪುಸ್ತಕ ಅಮ್ಮ ಕೊಟ್ಟೆ’ ಎಂದರೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಶಾಲೆಗೆ ಸೇರಿದ ಮೇಲೆ ಅದಕ್ಕೇ ಗದರುತ್ತಾರೆ. ಎರಡೂ ಸಲ್ಲವೆಂದೇ ನಮ್ಮ ಅಭಿಪ್ರಾಯ. ಕಿವಿ ಕೇಳುತ್ತಿದ್ದು, ಬುದ್ಧಿಯೂ ಚುರುಕಾಗಿದ್ದು, ಭಾಷೆ ಮಾತ್ರ ಹಿಂದೆ ಬೀಳುವ ಮಕ್ಕಳಿದ್ದಾರೆ; ಸುಮಾರು ನೂರಕ್ಕೆ 7 ಮಂದಿ. ಕನ್ನಡದ ಕ್ರಿಯಾಪದವೊಂದೇ ಕಾಲ, ಲಿಂಗ, ವಚನ, ಪುರುಷಗಳನ್ನೆಲ್ಲ ಹೊತ್ತಿರುತ್ತದೆ. ‘ಬಂದಳು’ ಎಂಬುದರ ತುದಿಯಂತೆ ಕ್ಷಣದಲ್ಲಿ ಜಾರಿಹೋಗುವ ಪ್ರತ್ಯಯಗಳನ್ನು ಹಿಡಿದಿಡುವುದು ಇವರಿಗೆ ಕಷ್ಟ. ತಾಯಿಯ ಅಲಕ್ಷ್ಯದಿಂದಾಗಲಿ, ಮನೆಯಲ್ಲಿ ಎರಡು ಭಾಷೆಗಳನ್ನಾಡುವುದರಿಂದಾಗಲಿ ಈ ತೊಂದರೆ ಬರುವುದಿಲ್ಲ.

‘ಸರಿಯಾಗಿ ಹೇಳು’ ಎಂದು ಪದೇ ಪದೇ ತಡೆದರೆ ಮಗು ಮಾತನಾಡಲು ಅಂಜೀತು. ‘ಹೌದು ಕಂದ, ಅಕ್ಕ ಬಂದಳು. ಅಕ್ಕನಿಗೆ ಪುಸ್ತಕ ಕೊಡೋಣವೇ?’ ಎಂದು ಸರಿಯಾದ ರೂಪವನ್ನು ಕೇಳಿಸುತ್ತಿರುವುದು ಲೇಸು. ಇಷ್ಟರಿಂದಲೇ ಎಲ್ಲವೂ ಸರಿಹೋಗದು. ಮೊದಲು ಶ್ರವಣ ಪರೀಕ್ಷೆ, ಬಳಿಕ ವಾಕ್ ಚಿಕಿತ್ಸಕರ ಸಲಹೆ ಬೇಕು. ಇದಕ್ಕೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ‘ಇವನ ತಂದೆಗೂ ಮಾತು ತಡವಾಗಿತ್ತು’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ಈ ತೊಂದರೆ ಎಷ್ಟೋ ಸಲ ವಂಶದಲ್ಲಿ ಹರಿದುಬರುತ್ತದೆಯಾದ್ದರಿಂದ, ಬೇಗನೆ ತೋರಿಸಲು ಆ ಮಾತೇ ಸಾಕಾದ ಕಾರಣ.