ಭೂಕಂಪದ ನಕ್ಷೆ ಮತ್ತು ನಮ್ಮ ಗೋಡೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನೆಲಸಮವಾಯಿತು. ಅಂದಿನ ಭೂಕಂಪ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ಒಂದನೆಯ ವಲಯ. ಸಾವಿರಾರು ಜನರನ್ನು ಕೊಂದದ್ದು ಅಡ್ಡಗಲ್ಲುಗಳ ಬೆಸುಗೆಯಿಲ್ಲದ, ಮಣ್ಣಿನ ಗಾರೆಯ ಕಲ್ಲುಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆ.

ಹಳೆಯ ಕಟ್ಟಡಗಳ ಭೂಕಂಪ ಸುರಕ್ಷತೆಯನ್ನು ಅಳೆಯಲು ಭಾರತೀಯ ಮಾನಕಗಳಿವೆ: ಕಲ್ಲು, ಇಟ್ಟಿಗೆಯವಕ್ಕೆ ಐಎಸ್ 13935, ಕಾಂಕ್ರೀಟಿನವಕ್ಕೆ 2013ರ ಐಎಸ್ 15988. ಇವೆರಡೂ ವಲಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಎರಡೂ ಬರಿಯ ಮಾರ್ಗಸೂಚಿಗಳು. ಹಳ್ಳಿಯ ಶಾಲೆಯನ್ನು ಯಾರು, ಎಂದು ಪರೀಕ್ಷಿಸಲೇಬೇಕೆಂಬ ಕಟ್ಟುಪಾಡು ಅವುಗಳಲ್ಲಿಲ್ಲ.

ವಲಯದ ಅಂಕಿ ಗೋಡೆಗೆ ಬಲ ಕೊಡದು. ನಮ್ಮ ಶಾಲೆಯ ಕಲ್ಲುಗೋಡೆಯ ಒಳ-ಹೊರ ಪದರಗಳನ್ನು ಬೆಸೆಯುವ ಅಡ್ಡಗಲ್ಲುಗಳಿವೆಯೇ? ಇಳಿಜಾರಿನಲ್ಲಿ ಅಡಿಪಾಯದ ಮಣ್ಣು ಕೊಚ್ಚಿಹೋಗಿದೆಯೇ? ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನೆತ್ತಿ, ಉತ್ತರವನ್ನು ಲಿಖಿತವಾಗಿ ಕೇಳೋಣ.